ತಕ್ಕಡಿ ಹೇಳದ ಲೆಕ್ಕ

ಇಪ್ಪತ್ತು ವರ್ಷದ ವಿದ್ಯಾರ್ಥಿಯೊಬ್ಬನೂ ಐವತ್ತು ದಾಟಿದ ಅವನ ತಾಯಿಯೂ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತುತ್ತಿರುವರೆಂದು ಭಾವಿಸೋಣ. ಇಬ್ಬರ ತೂಕವೂ 60 ಕಿಲೋಗ್ರಾಂ. ಹೊರೆ ಸಮನಾದರೂ ಮಗನು ನಂದಿಯ ಬಳಿ ನಿಂತು ತಾಯಿಗಾಗಿ ಕಾಯಬೇಕಾಗುತ್ತದೆ. ವಯಸ್ಸಾಯಿತೆಂದು ಹೇಳಿ ಸುಮ್ಮನಾಗಬಹುದು. ಆದರೆ ವಯಸ್ಸು ದೇಹದೊಳಗೆ ಮಾಡುವುದಾದರೂ ಏನನ್ನು?

ಮಗನ ದೇಹದಲ್ಲಿ ಕೊಬ್ಬು ಸುಮಾರು 10 ಕಿಲೋಗ್ರಾಂ ಇದ್ದೀತು. ತಾಯಿಯಲ್ಲಿ 20ನ್ನೂ ಮೀರಿರಬಹುದು. ಉಳಿದುದು ಸ್ನಾಯು, ಮೂಳೆ, ನೀರು ಮೊದಲಾದುವು. ಮೆಟ್ಟಿಲು ಹತ್ತಿಸುವುದು ಸ್ನಾಯು. ಹಾಗೆಂದು ಕೊಬ್ಬನ್ನು ದೂಷಿಸುವುದು ನ್ಯಾಯವಲ್ಲ. ಬಸಿರು ಬಾಣಂತನಗಳಿಗೆ ಒದಗುವಂತೆ ಹರೆಯದಲ್ಲಿಯೇ ಸ್ತ್ರೀಯ ತೊಡೆ ಸೊಂಟಗಳಲ್ಲಿ ಅದು ಶೇಖರವಾಗುತ್ತದೆ. ಆದುದರಿಂದ ಆರೋಗ್ಯವಂತ ತರುಣಿಯ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಿರುವುದು ಸಹಜ; ತರುಣನಲ್ಲಿ ಅದು ಇನ್ನೂ ಕಡಿಮೆ.

ಮೂವತ್ತರ ತರುವಾಯ ಸ್ನಾಯು ಮೆಲ್ಲಮೆಲ್ಲನೆ ಕ್ಷೀಣಿಸತೊಡಗುತ್ತದೆ. ಅದರ ಸ್ಥಾನವನ್ನು ಕೊಬ್ಬು ಆಕ್ರಮಿಸಿದರೆ ತಕ್ಕಡಿಯ ಮುಳ್ಳು ಅಲುಗುವುದೇ ಇಲ್ಲ! ಪುರುಷರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಸೇರುವುದು ಹೆಚ್ಚು. ಮುಟ್ಟು ನಿಂತ ಮೇಲೆ ಸ್ತ್ರೀಯರಲ್ಲಿಯೂ ಅದು ಅತ್ತಲೇ ಸರಿಯುತ್ತದೆ. ಸಿಹಿಮೂತ್ರ ರೋಗಕ್ಕೂ ಹೃದ್ರೋಗಕ್ಕೂ ನಂಟಿರುವುದು ಈ ಹೊಟ್ಟೆಯ ಕೊಬ್ಬಿಗೆ.

ಬದುಕಿರುವ ದೇಹದ ಕೊಬ್ಬನ್ನು ಅಳೆಯುವುದೆಂತು? ಆರ್ಕಿಮಿಡೀಸನ ತತ್ತ್ವ ಇಲ್ಲಿ ನೆರವಿಗೆ ಬರುತ್ತದೆ. ಕೊಬ್ಬು ನೀರಿಗಿಂತ ಹಗುರ, ಸಾಂದ್ರತೆ ಸುಮಾರು 0.9, ಉಳಿದ ಭಾಗದ್ದು 1.1. ಮನುಷ್ಯನನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲಿ ಪೂರ್ತಿ ಮುಳುಗಿಸಿ ಮತ್ತೊಮ್ಮೆ ತೂಗಿದರೆ ಲೆಕ್ಕ ದೊರೆಯುತ್ತದೆ. ಮುಳುಗುವವನಿಗೆ ಇದು ಹಿತವಲ್ಲ. ಚರ್ಮದ ಮಡಿಕೆಯನ್ನು ಇಕ್ಕಳದಂತಹ ಉಪಕರಣದಿಂದ ಹಿಡಿದು ದಪ್ಪವನ್ನು ಅಳೆಯುವುದು ಇನ್ನೊಂದು ವಿಧಾನ. ಹಸುಗೂಸಿಗೂ ಅದು ಸಾಧ್ಯ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ನಡೆದುದೂ ಅದೇ. ಅಲ್ಲಿ 1934ರಿಂದಲೂ ನವಜಾತ ಶಿಶುಗಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. ಆ ಶಿಶುಗಳು ನಡುವಯಸ್ಸಿಗೆ ಬಂದಾಗ, 1990ರ ದಶಕದಲ್ಲಿ, ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಹಗುರವಾಗಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು. ಬಳಿಕ 1997-98ರಿಂದ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಕುರಿತು ಹೊಸ ಅಧ್ಯಯನ ಆರಂಭವಾಯಿತು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳಿಗೆ ಹೋಲಿಸಿದರೆ ಮೈಸೂರಿನ ಶಿಶುಗಳು ಹಗುರ, ತೋಳುಗಳೂ ಸಣ್ಣ. ಆದರೆ ಬೆನ್ನಿನ ಮೇಲೆ, ಹೆಗಲೆಲುಬಿನ ಕೆಳಗಣ ಚರ್ಮದ ಮಡಿಕೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ದಪ್ಪ! ಪುಣೆಯ ಶಿಶುಗಳಲ್ಲಿಯೂ ಇದೇ ಬಗೆ ಕಂಡುಬಂದಿದೆ.

ನಮ್ಮಲ್ಲಿ ಸಣಕಲರೆನಿಸಿದವರಿಗೂ ಸಿಹಿಮೂತ್ರ ರೋಗ ತಗಲುವುದೇಕೆಂಬುದು ಇದರಿಂದ ಸ್ವಲ್ಪ ತಿಳಿಯಾಗುತ್ತದೆ. ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸೂಚ್ಯಂಕ 25ನ್ನು ಮುಟ್ಟಿದರೆ ಯೂರೋಪಿಯನ್ನರಿಗೆ ಎಚ್ಚರಿಕೆ; ಭಾರತೀಯರಿಗೆ 23ಕ್ಕೇ. ಈ ಸೂಚ್ಯಂಕವೂ ಹೆಣ್ಣುಗಂಡುಗಳ ಭೇದವನ್ನು ಅರಿಯದು. ಆದುದರಿಂದ ವೈದ್ಯರು ಅಳತೆಪಟ್ಟಿಯನ್ನೂ ಕೈಗೆತ್ತಿಕೊಳ್ಳುತ್ತಾರೆ: ಹೊಟ್ಟೆಯ ಸುತ್ತಳತೆ ಭಾರತೀಯ ಪುರುಷರಲ್ಲಿ 90 ಸೆಂಟಿಮೀಟರು, ಸ್ತ್ರೀಯರಲ್ಲಿ 80 ಸೆಂಟಿಮೀಟರು ಮುಟ್ಟಿತೆಂದರೆ, ತೂಕ ಎಷ್ಟೇ ಇರಲಿ, ರಕ್ತಪರೀಕ್ಷೆಗೆ ಹೇಳಿಕಳುಹಿಸುತ್ತಾರೆ.