ಮನೆಯಂಗಳದ ಶುದ್ಧಿತೊಟ್ಟಿ

ಮನೆಯಲ್ಲಿ ಬಳಸಿದ ನೀರು ಬಚ್ಚಲಿನ ಮೋರಿಯನ್ನು ದಾಟಿತೆಂದರೆ ನಮ್ಮ ಪಾಲಿಗೆ ಅದರ ಕತೆ ಮುಗಿದಂತೆಯೇ. ಅದು ಎಲ್ಲಿಗೆ ಹೋಯಿತು, ಏನಾಯಿತು ಎಂದು ನಾವು ಕೇಳುವುದಿಲ್ಲ. ದೊಡ್ಡ ನಗರಗಳಲ್ಲಿ ನೆಲದಡಿಯ ಕೊಳವೆಗಳು ಅದನ್ನು ದೂರದ ಶುದ್ಧೀಕರಣ ಸ್ಥಾವರಕ್ಕೆ ಒಯ್ಯುವ ಏರ್ಪಾಡುಂಟು. ಆದರೆ ಹತ್ತು ಮನೆಗಳ ಹಳ್ಳಿಗೆ, ಗುಡ್ಡದ ಮೇಲಿನ ಶಾಲೆಗೆ, ಕಾಡಿನಂಚಿನ ಪ್ರವಾಸಿ ಮಂದಿರಕ್ಕೆ ಇಂತಹ ಕೊಳವೆಗಳನ್ನು ಹೂಳುತ್ತ ಹೋಗುವುದು ಸಾಧ್ಯವೆ? ಮನೆಗಳು ಚದುರಿದಷ್ಟೂ ಒಂದೊಂದು ಮನೆಯ ಪಾಲಿಗೆ ಬರುವ ಕೊಳವೆಯ ಉದ್ದ ಹೆಚ್ಚುತ್ತದೆ; ಅದರೊಡನೆ ವೆಚ್ಚವೂ ಏರುತ್ತದೆ. ನೀರನ್ನು ಸ್ಥಾವರಕ್ಕೆ ಒಯ್ಯಲಾಗದಿದ್ದರೆ ಸ್ಥಾವರವನ್ನೇ ನೀರಿದ್ದಲ್ಲಿಗೆ ತರಬಾರದೇಕೆ? ಈ ಪ್ರಶ್ನೆಗೆ ಎಲ್ಲರಿಗಿಂತ ಶ್ರದ್ಧೆಯಿಂದ ಉತ್ತರ ಹುಡುಕಿದ ದೇಶಗಳಲ್ಲಿ ಜಪಾನು ಒಂದು. ಅಲ್ಲಿಯ ಉತ್ತರದ ಹೆಸರು ‘ಜೋಕಾಸೋ’, ಎಂದರೆ ಶುದ್ಧಿತೊಟ್ಟಿ.

ಅದರ ರಚನೆಯನ್ನು ತಿಳಿಯುವ ಮುನ್ನ ಕೊಳಚೆ ನೀರಿನಿಂದಾಗುವ ಕೇಡು ಯಾವುದೆಂದು ನೋಡೋಣ. ಅನ್ನದ ಗಂಜಿ, ಎಣ್ಣೆಯ ಜಿಡ್ಡು, ಸಾಬೂನು, ಮಲಮೂತ್ರ ಇವೆಲ್ಲವೂ ಸೂಕ್ಷ್ಮಜೀವಿಗಳಿಗೆ ಆಹಾರ. ಕೆರೆಗೆ ಇವು ಸೇರಿದೊಡನೆ ಅಲ್ಲಿಯ ಸೂಕ್ಷ್ಮಜೀವಿಗಳು ಔತಣಕ್ಕೆ ಕುಳಿತು, ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬರಿದುಮಾಡುತ್ತವೆ. ಮೀನುಗಳು ಉಸಿರುಕಟ್ಟಿ ಸಾಯುತ್ತವೆ, ನೀರು ನಾರುತ್ತದೆ. ಒಂದು ಲೀಟರು ನೀರಿನ ಕೊಳಕನ್ನು ತಿಂದು ಮುಗಿಸಲು ಐದು ದಿನಗಳಲ್ಲಿ ಎಷ್ಟು ಆಮ್ಲಜನಕ ವ್ಯಯವಾಗುತ್ತದೆಂಬುದೇ ಕೊಳಕಿನ ಅಳತೆ. ಮನೆಬಳಕೆಯ ಕೊಳಚೆಯಲ್ಲಿ ಇದು ಸುಮಾರು ೨೦೦ ಮಿಲಿಗ್ರಾಂ ಇರುತ್ತದೆ. ಹಾಗಾದರೆ ಈ ಔತಣವನ್ನು ಕೆರೆಗೆ ಮುಟ್ಟುವ ಮೊದಲೇ, ಒಂದು ತೊಟ್ಟಿಯಲ್ಲಿ, ಬೇಕಾದಷ್ಟು ಗಾಳಿಯನ್ನು ಒದಗಿಸಿ ಮುಗಿಸಿಬಿಟ್ಟರೆ? ಜೈವಿಕ ಶುದ್ಧೀಕರಣದ ತತ್ತ್ವವೆಲ್ಲ ಇಷ್ಟೆ.

ಈ ತತ್ತ್ವದ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಸ್ಥಾನವಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ರಸಾಯನಶಾಸ್ತ್ರಜ್ಞರಿಬ್ಬರು ಬೆಳಕು ತಾಗದಂತೆ ಮಾಡಿದ ಬಾಟಲಿಗಳಲ್ಲಿ ಕೊಳಚೆಯನ್ನು ತುಂಬಿ ಗಾಳಿಯೂದಿದರು. ಮೊದಲ ಸಲ ಅದು ಪೂರ್ತಿ ಶುದ್ಧವಾಗಲು ವಾರಗಳೇ ಹಿಡಿದುವು. ಆದರೆ ತಳದಲ್ಲಿ ಇಳಿದ ಕೆಸರನ್ನು ಚೆಲ್ಲದೆ ಉಳಿಸಿಕೊಂಡು ಮತ್ತೆ ಮತ್ತೆ ಹೊಸ ಕೊಳಚೆಯನ್ನು ತುಂಬುತ್ತ ಹೋದಂತೆ, ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಕೆಸರಿನಲ್ಲಿದ್ದುದು ಸೂಕ್ಷ್ಮಜೀವಿಗಳ ಹಿಂಡು! ಈ ಫಲಿತಾಂಶ ೧೯೧೪ರಲ್ಲಿ ಪ್ರಕಟವಾಯಿತು. ಈ ಪ್ರಯೋಗಕ್ಕೆ ಪ್ರೇರಣೆಯಿತ್ತ ಗಿಲ್ಬರ್ಟ್ ಫೌಲರ್ ಅವರು ೧೯೧೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದರು. ಅದೇ ಸಂಸ್ಥೆಯ ಪಿಳ್ಳೆ ಮತ್ತು ಸುಬ್ರಹ್ಮಣ್ಯನ್ ಎಂಬವರು, ಕೊಳಚೆ ತಿಳಿಯಾಗುವುದರಲ್ಲಿ ಬ್ಯಾಕ್ಟೀರಿಯಗಳ ಜೊತೆಗೆ ಪ್ರೋಟೋಜೋವಗಳೆಂಬ ಏಕಕೋಶ ಪ್ರಾಣಿಗಳ ಪಾತ್ರವೂ ದೊಡ್ಡದೆಂದು ೧೯೪೨ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಾದಿಸಿದರು.

ಇನ್ನು ಜಪಾನಿನ ತೊಟ್ಟಿಯತ್ತ ಬರೋಣ. ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್ಕಿನಿಂದ ಕಾರ್ಖಾನೆಯಲ್ಲಿಯೇ ಸಿದ್ಧವಾದ ಈ ತೊಟ್ಟಿಯನ್ನು ಲಾರಿಯ ಮೇಲೆ ತಂದು, ಅಂಗಳದ ಗುಂಡಿಯಲ್ಲಿ ಇಳಿಸಿ, ಮಣ್ಣು ಮುಚ್ಚುತ್ತಾರೆ. ಒಂದು ಕಾರು ನಿಲ್ಲುವಷ್ಟು ಜಾಗ ಸಾಕು. ಒಳಗೆ ಸಾಲಾಗಿ ಕೋಣೆಗಳಿವೆ. ಮೊದಲಿನವುಗಳಲ್ಲಿ ಗಾಳಿಯಿಲ್ಲ, ಅಲ್ಲಿ ಗಟ್ಟಿ ಪದಾರ್ಥ ಕೆಳಗಿಳಿದು, ಆಮ್ಲಜನಕವಿಲ್ಲದೆ ಬದುಕಬಲ್ಲ ಜೀವಿಗಳಿಂದ ಕೊಳೆಯುತ್ತದೆ. ಮುಂದಿನ ಕೋಣೆಗೆ ಸಣ್ಣದೊಂದು ವಿದ್ಯುತ್ ಯಂತ್ರ ಹಗಲಿರುಳು ಗಾಳಿಯೂದುತ್ತಿರುತ್ತದೆ. ಅಲ್ಲಿರುವ ಪ್ಲಾಸ್ಟಿಕ್ ತುಣುಕುಗಳ ಮೈಮೇಲೆ ಸೂಕ್ಷ್ಮಜೀವಿಗಳು ಲೋಳೆಯ ಪದರವಾಗಿ ಬೆಳೆದು, ಹರಿದು ಬರುವ ಕೊಳಕನ್ನು ತಿನ್ನುತ್ತವೆ. ಆಮೇಲಿನ ಕೋಣೆಯಲ್ಲಿ ನೀರು ತಂಗಿ ತಿಳಿಯಾಗುತ್ತದೆ. ಕೊನೆಗೆ ಕ್ಲೋರಿನ್ ಬಿಲ್ಲೆಗಳನ್ನು ಸೋಕಿ ಹೊರಬೀಳುತ್ತದೆ. ಒಳಗೆ ಹೋಗುವಾಗ ೨೦೦ ಇದ್ದ ಅಳತೆ ಹೊರಬರುವಾಗ ೨೦ಕ್ಕೆ ಮೀರಕೂಡದು. ಇದು ಕುಡಿಯುವ ನೀರಲ್ಲ. ಆದರೆ ತೊರೆಗೆ ಬಿಡಬಹುದಾದ ನೀರು.

ಈ ಹದಕ್ಕೆ ಬರುವ ಮೊದಲು ಜಪಾನು ಒಂದು ತಪ್ಪನ್ನು ಮಾಡಿ ತಿದ್ದಿಕೊಂಡಿತು. ಹಿಂದೆ ಅಲ್ಲಿಯ ರೈತರು ಮಲವನ್ನು ಹಣಕೊಟ್ಟು ಕೊಂಡು ಗೊಬ್ಬರ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದ ಅನಂತರ ರಾಸಾಯನಿಕ ಗೊಬ್ಬರ ಬಂದು ಆ ಬೇಡಿಕೆ ಕುಗ್ಗಿತು. ಜನರಿಗೆ ನೀರಿನ ಪಾಯಿಖಾನೆ ಬೇಕಾಯಿತು. ಆದರೆ ಚರಂಡಿ ಕೊಳವೆಗಳು ಎಲ್ಲೆಡೆ ಮುಟ್ಟಿರಲಿಲ್ಲ. ಆಗ ಪಾಯಿಖಾನೆಯ ನೀರೊಂದನ್ನೇ ಶುದ್ಧಿಮಾಡುವ ಅಗ್ಗದ ತೊಟ್ಟಿಗಳು ಲಕ್ಷಗಟ್ಟಲೆ ಬಂದುವು. ಅಡಿಗೆಮನೆ, ಬಚ್ಚಲಿನ ನೀರು ಮಾತ್ರ ನೇರವಾಗಿ ಕಾಲುವೆಗೆ! ಆದರೆ ಲೆಕ್ಕ ಏನು ಹೇಳಿತು? ಅಲ್ಲಿ ಒಬ್ಬ ಮನುಷ್ಯನಿಂದ ದಿನಕ್ಕೆ ೪೦ ಗ್ರಾಂ ಆಮ್ಲಜನಕವನ್ನು ಬೇಡುವಷ್ಟು ಕೊಳಕು ಹೊರಡುತ್ತದೆ; ಅದರಲ್ಲಿ ಪಾಯಿಖಾನೆಯ ಪಾಲು ೧೩, ಉಳಿದ ೨೭ ಅಡಿಗೆಮನೆ ಮತ್ತು ಬಚ್ಚಲಿನದು. ಹಳೆಯ ತೊಟ್ಟಿ ಆ ೧೩ನ್ನು ೫ಕ್ಕೆ ಇಳಿಸಿದರೂ ಒಟ್ಟು ೩೨ ಗ್ರಾಂ ಹೊಳೆಗೆ ಸೇರುತ್ತಿತ್ತು. ಎಲ್ಲ ನೀರನ್ನೂ ಒಟ್ಟಿಗೆ ಶುದ್ಧಿಮಾಡುವ ತೊಟ್ಟಿಯಿಂದ ಹೊರಬೀಳುವುದು ಬರಿಯ ೪ ಗ್ರಾಂ. ಈ ಅರಿವಿನ ಫಲವಾಗಿ ೨೦೦೧ರಿಂದ ಪಾಯಿಖಾನೆಗೆ ಮಾತ್ರ ಮೀಸಲಾದ ಹೊಸ ತೊಟ್ಟಿಗಳನ್ನು ಅಲ್ಲಿ ನಿಷೇಧಿಸಲಾಯಿತು.

ಈ ಲೆಕ್ಕವನ್ನು ಓದಿದಾಗ ನಮಗೆ ನಮ್ಮ ಊರುಗಳೇ ನೆನಪಾದುವು. ನಮ್ಮಲ್ಲಿಯೂ ಎಷ್ಟೋ ಮನೆಗಳಲ್ಲಿ ಪಾಯಿಖಾನೆಯ ನೀರು ಗುಂಡಿಗೆ, ಬಚ್ಚಲ ನೀರು ಬೀದಿಯ ಮೋರಿಗೆ. ರೋಗಾಣುಗಳ ಭಯ ಹೆಚ್ಚಾಗಿರುವುದು ಮೊದಲನೆಯದರಲ್ಲಿಯೇ, ನಿಜ. ಗುಂಡಿಯ ಪಕ್ಕದಲ್ಲಿಯೇ ಬಾವಿಯಿದ್ದರೆ, ಅದರಲ್ಲಿಯೂ ಕರಾವಳಿಯ ಮರಳು ನೆಲದಲ್ಲಿ, ಆ ಭಯ ಇಮ್ಮಡಿ. ಆದರೆ ಊರ ಕೆರೆಯ ಉಸಿರುಕಟ್ಟಿಸುವುದರಲ್ಲಿ ನಾವು ನಿರಪಾಯವೆಂದುಕೊಂಡ ಬಚ್ಚಲ ನೀರಿನ ಪಾಲೇನೂ ಸಣ್ಣದಲ್ಲ.

ಸಿದ್ಧ ತೊಟ್ಟಿಗಳು ನಮ್ಮ ದೇಶಕ್ಕೆ ಹೊಸವಲ್ಲ. ಹಿಮಾಲಯದ ಎತ್ತರದ ಸೇನಾನೆಲೆಗಳಿಗೆಂದು ನಮ್ಮ ರಕ್ಷಣಾ ಸಂಶೋಧನ ಸಂಸ್ಥೆಯವರು ಚಳಿಯನ್ನು ತಾಳಬಲ್ಲ ಬ್ಯಾಕ್ಟೀರಿಯಗಳನ್ನು ಸಾಕಿ, ಗಾಳಿಯ ಯಂತ್ರವೇ ಬೇಡದ ಜೈವಿಕ ತೊಟ್ಟಿಯನ್ನು ರೂಪಿಸಿದರು. ಅದೇ ಕುಲದ ತೊಟ್ಟಿಗಳು ಇಂದು ರೈಲುಗಾಡಿಗಳ ಕೆಳಗೂ ಇವೆ. ಮಲವು ಹಳಿಗಳ ಮೇಲೆ ಬೀಳುತ್ತಿದ್ದ ಕಾಲ ಹಿಂದಾಯಿತು.

ಆದರೆ ತೊಟ್ಟಿಯನ್ನು ಹೂಳಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದು ಸತ್ತ ಪಾತ್ರೆಯಲ್ಲ. ಹಟ್ಟಿಯ ದನದಂತೆ ಆರೈಕೆ ಬೇಡುವ ಜೀವಸಮೂಹ. ವಿದ್ಯುತ್ತು ಬಹುಕಾಲ ನಿಂತರೆ ಗಾಳಿಯನ್ನು ನಂಬಿದ ಜೀವಿಗಳು ಸಾಯುತ್ತವೆ. ಫಿನಾಯಿಲು ಧಾರಾಳವಾಗಿ ಸುರಿದರೂ ಅದೇ ಗತಿ. ಕೆಸರನ್ನು ಕಾಲಕಾಲಕ್ಕೆ ತೆಗೆಯದಿದ್ದರೆ ಅದು ನೀರಿನೊಡನೆ ಹೊರಹರಿದು, ಶುದ್ಧಿತೊಟ್ಟಿ ಹೆಸರಿಗೆ ಮಾತ್ರ ಉಳಿಯುತ್ತದೆ. ಜಪಾನಿನವರು ಇದನ್ನು ಮನೆಯವರ ಮನಸ್ಸಿಗೆ ಬಿಡಲಿಲ್ಲ. ೧೯೮೩ರಲ್ಲಿ ಇದಕ್ಕೆಂದೇ ಒಂದು ಕಾಯಿದೆ ಮಾಡಿ, ವರ್ಷಕ್ಕೊಮ್ಮೆಯಾದರೂ ಕೆಸರು ತೆಗೆಯಬೇಕು, ಅರ್ಹತೆ ಪಡೆದ ಕೆಲಸಗಾರ ಬಂದು ನೋಡುತ್ತಿರಬೇಕು, ವರ್ಷಕ್ಕೊಮ್ಮೆ ಹೊರಗಿನ ಪರೀಕ್ಷಕರು ನೀರನ್ನು ಪರೀಕ್ಷಿಸಬೇಕು ಎಂದು ವಿಧಿಸಿದರು. ಅಲ್ಲಿ ಇಂದು ಒಂದು ಕೋಟಿಗೂ ಮಿಕ್ಕ ಜನ ಈ ತೊಟ್ಟಿಗಳನ್ನು ನೆಚ್ಚಿಕೊಂಡಿದ್ದರೆ, ಅದಕ್ಕೆ ಕಾರ್ಖಾನೆಯ ಕೌಶಲದಷ್ಟೇ ಈ ಕಟ್ಟುಪಾಡೂ ಕಾರಣ.

ಮಲೆನಾಡಿನ ಒಂಟಿಮನೆಗೋ ಬಯಲುಸೀಮೆಯ ಶಾಲೆಗೋ ತೊಟ್ಟಿಯನ್ನು ಒಂದು ದಿನದಲ್ಲಿ ಲಾರಿಯಿಂದ ಇಳಿಸಬಹುದು. ಮರುವರ್ಷ ಅದರ ಕೆಸರನ್ನು ತೆಗೆಯುವವರಾರು, ತೆಗೆದ ಕೆಸರು ಎಲ್ಲಿಗೆ ಹೋಗಬೇಕು, ಅದರ ವೆಚ್ಚ ಯಾರದು ಎಂಬುದನ್ನು ಪಂಚಾಯತಿಗಳು ಗುಂಡಿ ತೋಡುವ ಮೊದಲೇ ನಿಶ್ಚಯಿಸುವುದು ಲೇಸು.