ಮೇಷ್ಟ್ರ ಫೈಲಿಗೆ ಬಡಿದದ್ದು ವೈರಸ್ಸಲ್ಲ

ಹಿರಿಯೂರು ಪಕ್ಕದ ಬಬ್ಬೂರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಹಳೇ ಫೈಲ್ ತೋರಿಸಿದರು. ಊರೂರು ಅಲೆದು ಕೂಡಿಸಿದ ಸೋಬಾನೆ ಪದಗಳು. ತೆರೆದರೆ ಬರೀ ಅಡ್ಡಾದಿಡ್ಡಿ ಇಂಗ್ಲಿಷ್ ಚಿಹ್ನೆಗಳು! 'ವೈರಸ್ ಬಂತೇನಪ್ಪಾ?' ಅಂದರು.

ಅಲ್ಲ ವೀಕ್ಷಕರೇ. ಆಗ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಫಾಂಟು ಕನ್ನಡದ ವೇಷ ತೊಡಿಸುತ್ತಿತ್ತು. ಫಾಂಟ್ ಹೋದರೆ ವೇಷವೂ ಹೋಯ್ತು. ನಮ್ಮ ಹಳೇ ಸ್ಕ್ರಿಪ್ಟುಗಳದ್ದೂ ಇದೇ ಪಾಡು.

ಹಾಗಂತ ಆ ಕಾಲವನ್ನು ಹಳಿಯಲಾರೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ 'ಕೆ' ಒತ್ತಿದರೆ ಕ, ಶಿಫ್ಟ್ ಸೇರಿಸಿದರೆ ಖ. ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಪುಕ್ಕಟೆ ಹಂಚಿದರು. 1998ರಲ್ಲಿ 'ಬರಹ' ಬಂತು, ಆಮೇಲೆ 'ನುಡಿ'.

ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆಗಳಿವೆ. ಮೇಷ್ಟ್ರದ್ದು ಹಳೇ ನುಡಿ. ಪರಿವರ್ತಕಕ್ಕೆ ಹಾಕಿದೆವು, ಪದಗಳು ಎದ್ದು ಬಂದವು. ಒಂದೆರಡು ಒತ್ತಕ್ಷರ ಕೆಟ್ಟಿದ್ದವು. ಮೇಷ್ಟ್ರು ಕನ್ನಡಕ ಹಾಕಿಕೊಂಡು ತಿದ್ದಲು ಕೂತರು.