ಸೂಜಿಯ ಬೆನ್ನಿನಲ್ಲಿ ಅರಳುವ ಕುಣಿಕೆ

ತೀರ್ಥಹಳ್ಳಿಯ ಕಡೆ ಮಾಗಿಯ ರಾತ್ರಿಗಳಲ್ಲಿ ಬಯಲಾಟದ ವೇಷ ಕಟ್ಟುವ ತಮ್ಮನಿಗಾಗಿ ದಪ್ಪ ಫ್ಲಾನೆಲ್ಲಿನ ಚಲ್ಲಣವನ್ನು ಮನೆಯಲ್ಲಿಯೇ ಹೊಲಿದು ಕಳುಹಿಸಿದ ಕ್ರೋಂಪೇಟೆಯ ಓದುಗರೊಬ್ಬರು, ಮೊದಲ ಮಂಡಿಕುಣಿತಕ್ಕೇ ತೊಡೆಸಂದಿನ ಹೊಲಿಗೆ ಬಿಟ್ಟುಹೋಯಿತೆಂದೂ, ಚರ್ಮದ ಕೆಲಸದ ಸೂಜಿಯಿಂದ ಹೊಲಿದರೆ ಗಟ್ಟಿಯಾದೀತೇ ಎಂದೂ ಕೇಳಿದ್ದಾರೆ. 1912ರಲ್ಲಿ ಸ್ಥಾಪಿತವಾದ ಕ್ರೋಮ್ ಲೆದರ್ ಕಾರ್ಖಾನೆಯಿಂದ ಹೆಸರು ಪಡೆದ ಊರಿನವರಿಗೆ ಈ ಆಲೋಚನೆ ಸಹಜವೇ; ಆದರೆ ಕೂಡದು. ಚರ್ಮದ ಸೂಜಿಯ ಮೊನೆ ಉಳಿಯಂತೆ ಕತ್ತರಿಸುತ್ತ ಸಾಗುವುದು. ಬಟ್ಟೆಯ ಸೂಜಿಯ ದುಂಡುಮೊನೆಯಾದರೋ ಎಳೆಗಳನ್ನು ಸರಿಸಿ ದಾರಿ ಮಾಡಿಕೊಳ್ಳುವುದು.

ಕೈಹೊಲಿಗೆಯಲ್ಲಿ ಸೂಜಿ ಬಟ್ಟೆಯನ್ನು ಪೂರ್ತಿಯಾಗಿ ದಾಟಿ ಮರಳಬೇಕು. 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಹೊಲಿಗೆಯಂತ್ರದಲ್ಲಿದ್ದಂತೆ, ಮೊನೆಯ ಬಳಿಯೇ ಕಣ್ಣುಳ್ಳ ನಮ್ಮ ಯಂತ್ರದ ಸೂಜಿ ಎಂದೂ ದಾಟದೆ, ಇಳಿದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಹಾಗಿದ್ದೂ ನೂಲು ಕೆಳಗಡೆ ಸಿಕ್ಕಿಕೊಳ್ಳುವುದೆಂತು? ಸೂಜಿಯ ಒಂದು ಪಾರ್ಶ್ವದಲ್ಲಿ ಉದ್ದವಾದ ತೋಡಿದೆ. ಅಲ್ಲಿ ನೂಲು ಅಡಗಿಕೊಂಡು ನಿರಾತಂಕವಾಗಿ ಜಾರುತ್ತದೆ. ಬೆನ್ನಿನಲ್ಲಿ ಅಂತಹ ಆಶ್ರಯವಿಲ್ಲದ ಕಾರಣ, ಸೂಜಿ ತಳಮುಟ್ಟಿ ಇಷ್ಟೇ ಇಷ್ಟು ಮೇಲೇಳುವಷ್ಟರಲ್ಲಿ, ಬಟ್ಟೆಯ ಹಿಡಿತಕ್ಕೆ ಸಿಕ್ಕಿದ ನೂಲು ಮೇಲೇರಲಾರದೆ ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಬಂದ ಷಟಲಿನ ಕೊಕ್ಕೆ ಕುಣಿಕೆಯನ್ನು ಹಿಡಿದು, ಹಿಗ್ಗಿಸಿ, ಕೆಳನೂಲನ್ನು ಸುತ್ತಿಟ್ಟ ಇಡಿಯ ಬಾಬಿನ್ನಿನ ಸುತ್ತ ದಾಟಿಸಿಬಿಡುತ್ತದೆ. ಮೇಲಿನ ಸನ್ನೆ ಅದನ್ನು ಬಿಗಿದೆಳೆಯುತ್ತದೆ. ಎರಡು ನೂಲುಗಳು ಬಟ್ಟೆಯ ನಡುವೆ ಹೆಣೆದುಕೊಳ್ಳುತ್ತವೆ. ಸೂಜಿಯನ್ನು ತಿರುವುಮುರುವಾಗಿ ಸಿಕ್ಕಿಸಿದರೆ ಹೊಲಿಗೆ ಹಾರಿಹೋಗುವುದು ಇದರಿಂದಲೇ ಹೊರತು, ಮನೆಯ ಹಿರಿಯರು ಹೇಳುವಂತೆ ರಾತ್ರಿ ಹೊಲಿದ ದೋಷದಿಂದಲ್ಲ! ಎಣ್ಣೆದೀಪದ ಮಂದಬೆಳಕಿನಲ್ಲಿ ಕಣ್ಣು ನೋಯಿಸಿಕೊಳ್ಳಬಾರದೆಂಬ ವಿವೇಕಕ್ಕೆ ಒಂದು ಕಾಲದಲ್ಲಿ ಅರ್ಥವಿದ್ದಿರಬಹುದು. ವಿದ್ಯುದ್ದೀಪದ ಕೆಳಗೆ ಕುಳಿತವರನ್ನು ಅಮಂಗಳದ ಮಾತಿನಿಂದ ಹೆದರಿಸುವುದು ಮೌಢ್ಯವೇ ಸರಿ.

ಇನ್ನು ಹೊಲಿಗೆ ಬಿಟ್ಟ ಕಾರಣ. ತೊಡೆಸಂದಿನ ವಕ್ರರೇಖೆಯಲ್ಲಿ ಬಟ್ಟೆ ಓರೆಯಾಗಿ ಕತ್ತರಿಸಲ್ಪಟ್ಟಿರುವುದರಿಂದ ನಟ ಕುಕ್ಕರಿಸಿದಾಗ ಅದು ಹಿಗ್ಗುತ್ತದೆ. ಬಿಗಿದ ನೂಲಿಗೆ ಹಿಗ್ಗಲು ಎಡೆಯಿಲ್ಲ. ಆದುದರಿಂದ 16 ನಂಬರಿನ ಸೂಜಿಯಿಂದ, ನೂಲಿನ ಬಿಗಿಯನ್ನು ತುಸು ಸಡಿಲಿಸಿ, ಸಣ್ಣ ಸಣ್ಣ ಹೊಲಿಗೆ ಹಾಕಬೇಕು: ಹೊಲಿಗೆ ಚಿಕ್ಕದಾದಷ್ಟೂ ಒಂದೊಂದು ಅಂಗುಲದಲ್ಲಿ ಅಡಗುವ ನೂಲು ಹೆಚ್ಚು, ಹಿಗ್ಗುವ ಶಕ್ತಿಯೂ ಹೆಚ್ಚು. ನಾಲ್ಕು ಹೊಲಿಗೆಗಳು ಕೂಡುವಲ್ಲಿ ವಜ್ರಾಕಾರದ ತುಂಡೊಂದನ್ನು ಸೇರಿಸಿದರೆ ಎಳೆತ ಒಂದೇ ಬಿಂದುವಿನಲ್ಲಿ ನಿಲ್ಲದೆ ಹಂಚಿಹೋಗುವುದು.

ಬೆಚ್ಚನೆಯ ವಿಷಯದಲ್ಲಿಯೂ ಎಡೆಯೇ ಮುಖ್ಯ. ಫ್ಲಾನೆಲ್ಲು ಶಾಖವನ್ನು ಹುಟ್ಟಿಸುತ್ತದೆಂಬುದು ಭ್ರಮೆ. ಅದರಲ್ಲಿ ಸುತ್ತಿಟ್ಟ ಉಷ್ಣಮಾಪಕದ ಪಾದರಸ ಮೇಲೇರದು, ಮಂಜುಗಡ್ಡೆಯಾದರೆ ನಿಧಾನವಾಗಿ ಕರಗುವುದು. ಅದರ ನವಿರು ರೋಮಗಳ ನಡುವೆ ನಿಶ್ಚಲವಾಗಿ ನಿಂತ ಗಾಳಿ ಮೈಯ ಶಾಖವನ್ನು ತಡೆಹಿಡಿಯುವುದಷ್ಟೆ. ಚಲ್ಲಣವನ್ನು ಮೈಗಂಟುವಂತೆ ಬಿಗಿಯಾಗಿ ಕತ್ತರಿಸಿದರೆ ಆ ಗಾಳಿ ಹಿಂಡಿಹೋಗುವುದು, ಹೊಲಿಗೆಯೂ ಬಿಡುವುದು. ಮುಂದಿನ ಚಲ್ಲಣವನ್ನು ಕಳುಹಿಸುವ ಮೊದಲು ತೊಡೆಸಂದನ್ನು ಎರಡೂ ಕೈಗಳಿಂದ ಬಲವಾಗಿ ಎಳೆದು ನೋಡಿರಿ. ಬಟ್ಟೆಯೂ ನೂಲೂ ಒಟ್ಟಿಗೆ ಹಿಗ್ಗಿದರೆ, ಬೆಳಗಿನ ಮಂಗಳದವರೆಗೆ ಕುಣಿಯಲು ನಿಮ್ಮ ತಮ್ಮನಿಗೆ ಅಡ್ಡಿಯಿಲ್ಲ.